ಕಂಬಳಿ ಹೊದ್ದ ಕಂಪ್ಯೂಟರು

ಆಗೆಲ್ಲ ನಮ್ಮ ಕಡೆ ಒಂದು ಮನೆಗೆ ಕಂಪ್ಯೂಟರು ಬಂತು ಅಂದರೆ ಹೊಸ ಸೊಸೆ ಬಂದಷ್ಟು ಸುದ್ದಿಯಾಗುತ್ತಿತ್ತು. ಎಲ್ಲರ ಅಂಗೈಯಲ್ಲೂ ಒಂದೊಂದು ಪರದೆ ಮಿನುಗುವ ಈಗಿನ ಕಾಲವಲ್ಲ ಅದು. ನಮ್ಮೂರು ಮಾಗಡಿ ತಾಲ್ಲೂಕಿನಲ್ಲಿ, ತಿಪ್ಪಸಂದ್ರದಲ್ಲಿ ಬಸ್ಸಿಳಿದು ಹೊಲದ ದಾರಿ ಹಿಡಿದು ನಡೆದು ಬರುವಷ್ಟು ಒಳಗೆ. ಆ ದಾರಿಯಲ್ಲಿ ಲಗೇಜ್ ಆಟೋದ ಹಿಂದೆ, ಹುಲ್ಲಿನ ಹಾಸಿನ ಮೇಲೆ ಕೂತು, ಅಪ್ಪ ಎರಡೂ ಕೈಯಲ್ಲಿ ತಬ್ಬಿಕೊಂಡು ತಂದ ಆ ಪೆಟ್ಟಿಗೆ ನೋಡಲು ಊರಿನ ಅರ್ಧ ಜನ ನಮ್ಮ ಜಗಲಿಯ ಮೇಲೆ ಕಾದಿದ್ದರು. ನನ್ನ ಅಕ್ಕ ಭಾಗ್ಯ ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದಳು. ಡಿಪ್ಲೊಮಾ ಸೇರಿ ಕಟ್ಟಡ ಕಟ್ಟುವ ಓದು ಓದುತ್ತೇನೆ ಅಂದಿದ್ದಳು. ಅಪ್ಪ ಆ ಸಾಹಸಕ್ಕೆ ಕೈ ಹಾಕಿದ್ದು ಅದಕ್ಕೇ.

ನಮ್ಮದು ಕುರುಬರ ಮನೆ. ಒಂದಿಷ್ಟು ರಾಗಿ ಹೊಲ, ಹಿತ್ತಲಲ್ಲಿ ಮುಳ್ಳುಬೇಲಿಯ ರೊಪ್ಪ, ರೊಪ್ಪದಲ್ಲಿ ತಾತನ ಕುರಿಗಳು. ನಮ್ಮಲ್ಲಿ ಗೌರವ ಸಲ್ಲಬೇಕಾದ ಯಾವುದೂ ಬರಿಯ ನೆಲದ ಮೇಲೆ ಕೂರುವಂತಿಲ್ಲ. ದೇವರು ಕೂರುವುದು ಕರಿ ಕಂಬಳಿಯ ಗದ್ದುಗೆಯ ಮೇಲೆ, ಮದುವೆಯಲ್ಲಿ ಗಂಡು ಹೆಣ್ಣು ಕೂರುವುದೂ ಕಂಬಳಿಯ ಮೇಲೆ. ಹಾಗಿರುವಾಗ ಊರಿಗೇ ಮೊದಲನೆಯದಾಗಿ ಬಂದ ಕಂಪ್ಯೂಟರನ್ನು ಬೋಳು ಮೇಜಿನ ಮೇಲೆ ಇಡುವುದಕ್ಕೆ ನಮ್ಮಜ್ಜಿ ಒಪ್ಪುವುದುಂಟೇ? ಮೊದಲು ಆರತಿ ಎತ್ತಿದಳು. ಆಮೇಲೆ ಒಳಕೋಣೆಯ ಪೆಟ್ಟಿಗೆಯಿಂದ ತಾನೇ ನೂತ ಉಣ್ಣೆಯ ಕಂಬಳಿ ತೆಗೆದು, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಹಾಸಿದಳು. ಅದರ ಮೇಲೆ ಆ ಸಿಪಿಯು ಡಬ್ಬ ಕೂತಿತು. ಕೆಲಸ ಮುಗಿದ ಮೇಲೆ ಮೇಲಿನಿಂದ ಇನ್ನೊಂದು ಕಂಬಳಿ ಹೊದಿಸಿ ಹಿಂಭಾಗಕ್ಕೂ ಸೆರಗು ಸಿಕ್ಕಿಸಿದ ಹಾಗೆ ಸಿಕ್ಕಿಸುವುದು ಅವಳು ಕಲಿಸಿದ ಪದ್ಧತಿ. ಆ ಕಂಬಳಿಗಳಿಗೆ ನೂಲು ಗಟ್ಟಿಯಾಗಲೆಂದು ಬಳಿದ ಹುಣಸೆಬೀಜದ ಗಂಜಿಯ ವಾಸನೆ ಇರುತ್ತಿತ್ತು. ಕಂಪ್ಯೂಟರು ಬಿಸಿಯಾದ ಹಾಗೆಲ್ಲ ಆ ವಾಸನೆ ಏಳುತ್ತಿತ್ತು. ನನಗೆ ಈಗಲೂ ಕಂಪ್ಯೂಟರು ಅಂದರೆ ಮೊದಲು ನೆನಪಾಗುವುದು ಆ ಹುಣಸೆಬೀಜದ ವಾಸನೆಯೇ.

ಅಕ್ಕ ಅದರಲ್ಲಿ ಓದಿಗೆ ಬೇಕಾದ್ದು ಮಾಡಿದರೆ ನಾನು ಇಸ್ಪೀಟಿನ ಎಲೆಗಳನ್ನು ಅತ್ತಿತ್ತ ಎಳೆಯುತ್ತ, ಬಣ್ಣ ಬಳಿಯುವ ಆಟ ಆಡುತ್ತ ಕೂರುತ್ತಿದ್ದೆ. ಒಂದು ಸಲ ಕುರಿ ಬರೆದು ತಾತನನ್ನು ಕರೆದು ತೋರಿಸಿದೆ. ತಾತ ಪರದೆಯ ಹತ್ತಿರ ಮುಖ ಒಯ್ದು ಬಹಳ ಹೊತ್ತು ನೋಡಿ, ಇದು ಕುರಿಯಾದರೆ ಇದಕ್ಕೆ ಆಗಲೇ ಕಾಲುಬಾಯಿ ಜ್ವರ ಬಂದಿರಬೇಕು ಅಂದಿತು. ತಾತನನ್ನು ನಾವು ಹಾಗೆ ಕರೆಯುತ್ತಿದ್ದುದು, ಅಂದಿತು, ಬಂತು, ಹೋಯಿತು ಅಂತ. ಅದು ಅಗೌರವವಲ್ಲ, ನಮ್ಮ ಮನೆಯಲ್ಲಿ ತಾತನ ಮೇಲಿನ ಪ್ರೀತಿ ಇರುವುದು ಹಾಗೆಯೇ. ಬರವಣಿಗೆಯಲ್ಲಿ ಅದನ್ನು ತಿದ್ದಲು ನನಗೆ ಮನಸ್ಸಿಲ್ಲ.

ಕಂಪ್ಯೂಟರು ಬಂದ ಮರುವರ್ಷವೇ ಅಜ್ಜಿ ತೀರಿಕೊಂಡಳು. ಅವಳು ಹಾಸಿದ ಕಂಬಳಿಯನ್ನು ಕದಲಿಸುವ ಧೈರ್ಯ ಆಮೇಲೆ ಯಾರಿಗೂ ಬರಲಿಲ್ಲ.

ನಾನು ಹೇಳಬೇಕೆಂದಿರುವುದು ಅಕ್ಕನ ಡಿಪ್ಲೊಮಾದ ಕೊನೆಯ ವರ್ಷದ ಮಾತು. ನಾನಾಗ ಇನ್ನೂ ಊರ ಶಾಲೆಯ ಹುಡುಗಿ. ಮಳೆ ಹಿಂದೆಗೆದು, ಹೊಲದಲ್ಲಿ ರಾಗಿ ಬಣ್ಣ ತಿರುಗುತ್ತ, ಸಾಲಿನ ನಡುವೆ ಅವರೆ ಹೂ ಬಿಡುತ್ತಿದ್ದ ಕಾಲ. ಭಾನುವಾರ ಬಂದರೆ ನಾನು ತಾತನ ಜೊತೆ ಕುರಿ ಹಿಂದೆ ಹೋಗುತ್ತಿದ್ದೆ. ಬಟ್ಟೆಯಲ್ಲಿ ಕಟ್ಟಿದ ಮುದ್ದೆ, ಹುಚ್ಚೆಳ್ಳು ಚಟ್ನಿ, ಒಂದು ಈರುಳ್ಳಿ. ಬಂಡೆಯ ಮೇಲೆ ಯಾರೋ ಯಾವತ್ತೋ ಕೆತ್ತಿದ ಹುಲಿ-ಕುರಿ ಆಟದ ಮನೆಗಳಿದ್ದವು. ಬೆಣಚುಕಲ್ಲು ಇಟ್ಟುಕೊಂಡು ಆಡುತ್ತಿದ್ದೆವು. ತಾತ ಯಾವಾಗಲೂ ಕುರಿ ಕಡೆ, ನಾನು ಹುಲಿ ಕಡೆ. ಕುರಿಗಳನ್ನು ಜೊತೆಜೊತೆಗೆ ಸರಿಸುತ್ತ ನನ್ನ ಹುಲಿಗಳಿಗೆ ಕಾಲಿಡಲು ಜಾಗವಿಲ್ಲದಂತೆ ಮಾಡಿಬಿಡುತ್ತಿತ್ತು. ನಾನು ಸಿಟ್ಟಿನಿಂದ ಕಲ್ಲು ಚೆಲ್ಲಿ ಎದ್ದರೆ, ಹುಲಿಗೆ ಸೋತು ಅಭ್ಯಾಸವಿಲ್ಲ ಪಾಪ ಅಂತ ರೇಗಿಸುತ್ತಿತ್ತು.

ಹೊತ್ತು ಇಳಿದಾಗ ತಾತ ನಾಲಗೆಯನ್ನು ಅಂಗುಳಿಗೆ ಒತ್ತಿ ಒಂದು ಸದ್ದು ಹೊರಡಿಸುತ್ತಿತ್ತು, ಹಿಂದೆಯೇ ಒಂದು ಉದ್ದನೆಯ ಕೂಗು. ಪೊದೆಗಳ ಸಂದಿಯಲ್ಲಿ, ಕಟ್ಟೆಯ ಕೆಳಗೆ, ಎಲ್ಲೆಲ್ಲೋ ಮೇಯುತ್ತಿದ್ದ ಕುರಿಗಳೆಲ್ಲ ತಲೆ ಎತ್ತಿ ಬಂದುಬಿಡುತ್ತಿದ್ದವು. ನಾನೂ ಎಷ್ಟೋ ಸಲ ಕೂಗಿ ನೋಡಿದ್ದೆ. ಒಂದೂ ಕಿವಿ ಅಲ್ಲಾಡಿಸುತ್ತಿರಲಿಲ್ಲ.

ಮಂದೆ ಆಗಲೇ ಚಿಕ್ಕದಾಗಿತ್ತು. ತಾತನ ಪ್ರಾಯದಲ್ಲಿ ರೊಪ್ಪ ಸಾಲದೆ ಹೊಲದಲ್ಲೇ ಕುರಿ ನಿಲ್ಲಿಸುತ್ತಿದ್ದರಂತೆ. ಅಪ್ಪ ಬಿಡದಿಯ ಕಡೆ ಒಂದು ಕಾರ್ಖಾನೆಗೆ ಸೆಕ್ಯೂರಿಟಿ ಕೆಲಸಕ್ಕೆ ಹೋಗಲು ಶುರುಮಾಡಿದ ಮೇಲೆ ಕುರಿಗಳಿಗೆ ಉಳಿದದ್ದು ತಾತ ಮಾತ್ರ. ತಾತನಿಗೂ ಉಳಿದದ್ದು ಕುರಿಗಳು ಮಾತ್ರ ಅಂತ ನನಗೆ ಆಗ ಹೊಳೆದಿರಲಿಲ್ಲ.

ಆ ಕಾಲಕ್ಕೇ ಕಂಪ್ಯೂಟರು ಕೈಕೊಡಲು ಶುರುಮಾಡಿತು. ಅಕ್ಕ ಒಂದು ಅಂಗನವಾಡಿ ಕಟ್ಟಡದ ನಕ್ಷೆ ಬರೆದು ಕಾಲೇಜಿಗೆ ಒಪ್ಪಿಸಬೇಕಿತ್ತು. ನಕ್ಷೆ ಬರೆಯುವ ಸಾಫ್ಟ್‌ವೇರು ತೆರೆದು ಗೋಡೆ, ಬಾಗಿಲು, ಕಿಟಕಿ ಅಂತ ಕೂರಿಸುತ್ತ ಹೋದ ಹಾಗೆ ಡಬ್ಬದೊಳಗಿನ ಸದ್ದು ಜೋರಾಗುತ್ತಿತ್ತು. ಇದ್ದಕ್ಕಿದ್ದಂತೆ ಪರದೆ ಕಪ್ಪಾಗುತ್ತಿತ್ತು, ಬರೆದದ್ದೆಲ್ಲ ಹೋಗುತ್ತಿತ್ತು. ಒಂದಿಷ್ಟು ಹೊತ್ತು ಬಿಟ್ಟು ಹಾಕಿದರೆ ಏನೂ ಆಗೇ ಇಲ್ಲವೆಂಬಂತೆ ಹತ್ತಿಕೊಳ್ಳುತ್ತಿತ್ತು, ಮತ್ತೆ ಆರುತ್ತಿತ್ತು. ಅಕ್ಕ ಮೊದಮೊದಲು ರೇಗಿದಳು, ಆಮೇಲೆ ಅತ್ತಳು, ಕೊನೆಗೆ ಅಳುವುದನ್ನೂ ಬಿಟ್ಟು ಕಪ್ಪು ಪರದೆಯ ಮುಂದೆ ಸುಮ್ಮನೆ ಕೂರತೊಡಗಿದಳು. ಕಾಲೇಜಿನಲ್ಲೇ ಸಂಜೆ ಉಳಿದು ಬರೆಯಬಹುದಿತ್ತು. ಆದರೆ ಹಾಗೆ ಉಳಿದರೆ ನಮ್ಮ ಕಡೆಯ ಕೊನೆಯ ಬಸ್ಸು ತಪ್ಪುತ್ತಿತ್ತು, ಅದಕ್ಕೆ ಅವ್ವ ಸುತರಾಂ ಒಪ್ಪಲಿಲ್ಲ. ಮನೆಯಲ್ಲಿ ಕಂಪ್ಯೂಟರು ಓಡಿದರೆ ಅಕ್ಕನ ಓದು ಮುಗಿಯುತ್ತದೆ, ಓಡದಿದ್ದರೆ ಅಲ್ಲಿಗೇ ನಿಲ್ಲುತ್ತದೆ ಅನ್ನುವ ಸ್ಥಿತಿ ಬಂತು.

ಅದನ್ನು ನೋಡಿ ಹೇಳಲು ಬಂದವನು ಮಾದೇಶ ಮಾವ, ಅವ್ವನ ತಮ್ಮ. ಬಿಡದಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರು ನೋಡಿಕೊಳ್ಳುವ ಕೆಲಸ ಅವನದು. ಅವನಿಗೆ ರಜೆ ಸಿಕ್ಕಿದ್ದು ಆಯುಧಪೂಜೆಯ ದಿನ. ಬರುವಾಗ ಎಲೆಯಲ್ಲಿ ಕಟ್ಟಿಸಿದ ತಟ್ಟೆ ಇಡ್ಲಿ ತಂದಿದ್ದ. ಆ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಪೂಜೆ ಮುಗಿದಿತ್ತು. ನೇಗಿಲು, ಕುಡುಗೋಲು, ತಾತನ ಉಣ್ಣೆ ಕತ್ತರಿ, ಅಪ್ಪನ ಬೈಕಿನ ಕೀ, ಎಲ್ಲವೂ ವಿಭೂತಿ ಬಳಿಸಿಕೊಂಡು ಸಾಲಾಗಿ ಕೂತಿದ್ದವು. ಕಂಪ್ಯೂಟರು ತನ್ನ ಗದ್ದುಗೆಯ ಮೇಲೇ ಮೂರು ಪಟ್ಟೆ ವಿಭೂತಿ, ಮೇಲೊಂದು ಚೆಂಡುಹೂವಿನ ಹಾರ ಧರಿಸಿ ಎಲ್ಲರಿಗಿಂತ ದೊಡ್ಡ ಮನುಷ್ಯನಂತೆ ಕೂತಿತ್ತು.

ಪೂಜೆಗೆ ಕೂತ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ಮರುದಿನ ಪೂಜೆ ಕದಲಿಸಿದ ಮೇಲೆಯೇ ಕೆಲಸ. ಮಾದೇಶ ಮಾವ ಜೇಬಿನಿಂದ ಸ್ಕ್ರೂಡ್ರೈವರು ತೆಗೆದದ್ದೇ ತಡ, ತಾತ ಕೈ ಅಡ್ಡ ಹಿಡಿಯಿತು.

"ಇವತ್ತು ಕುಂತಿರೋದ್ನ ಎಬ್ಬುಸ್ಬ್ಯಾಡ ಕಣಪ್ಪ. ನಾಳಿಕ್ಕೆ ನೋಡು."

ನಾಳೆ ಬೆಳಗ್ಗೆ ಅವನಿಗೆ ಡ್ಯೂಟಿ. ಉಳಿಯುವಂತಿರಲಿಲ್ಲ. ಹಾಗಾಗಿ ಅವನು ದೂರದಿಂದಲೇ, ಡಾಕ್ಟರು ಬಾಗಿಲಲ್ಲಿ ನಿಂತು ಬಾಣಂತಿಯನ್ನು ವಿಚಾರಿಸಿದ ಹಾಗೆ ವಿಚಾರಿಸಿದ. ಯಾವಾಗ ತಂದದ್ದು, ಯಾವ ಕಾಲದ ಮಾಡೆಲ್ಲು, ಎಷ್ಟು ಹೊತ್ತಿಗೆ ಆರುತ್ತದೆ, ನಕ್ಷೆಯ ಸಾಫ್ಟ್‌ವೇರು ಯಾವುದು. ಅಕ್ಕ ಎಲ್ಲಕ್ಕೂ ಉತ್ತರ ಕೊಟ್ಟಳು. ಅವನು ಕೊನೆಗೆ ಹೇಳಿದ್ದಿಷ್ಟು: ಸೆಕೆಂಡ್ ಹ್ಯಾಂಡಿನಲ್ಲಿ ತಂದಾಗಲೇ ಹಳೆಯ ಡಬ್ಬ, ನಕ್ಷೆಯ ಸಾಫ್ಟ್‌ವೇರು ಭಾರದ್ದು, ಇದರ ಕೈಲಿ ಅದನ್ನು ಎಳೆಯಲು ಆಗುತ್ತಿಲ್ಲ. ರ‍್ಯಾಮು ಹೆಚ್ಚಿಸಿ ನೋಡಬಹುದು, ಆದರೆ ಈ ಬೋರ್ಡಿಗೆ ಹೊಂದುವುದು ಸಿಗುವುದೇ ಕಷ್ಟ, ಸಿಕ್ಕರೂ ಗ್ಯಾರಂಟಿ ಇಲ್ಲ. ಹೊಸದೇ ತನ್ನಿ. ಒಳಗೆ ನೋಡದೆ ಹೇಳುತ್ತಿದ್ದೀಯಲ್ಲ ಅಂತ ತಾತ ಕೇಳಿದ್ದಕ್ಕೆ, ವಯಸ್ಸು ಕೇಳಿದರೆ ಸಾಕು ಮಾವ, ನೋಡುವುದೇನೂ ಬೇಡ ಅಂದ. ಎಬ್ಬಿಸಬೇಡ ಅಂದದ್ದು ತಾನೇ ಆದ್ದರಿಂದ ತಾತ ಮುಂದೆ ಮಾತಾಡಲಿಲ್ಲ. ಮಾದೇಶ ಮಾವ ಸುಳ್ಳು ಹೇಳಿದನೆಂದು ನಾನು ಹೇಳುತ್ತಿಲ್ಲ. ಅವನು ನೋಡದೆ ಹೇಳಿದ, ನಾವು ನೋಡಗೊಡದೆ ಕೇಳಿದೆವು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೆ ಅದೇ ಮಾತು. ಇದ್ದದ್ದಕ್ಕೇ ಏನಾದರೂ ಹಾಕಿಸುವುದೋ, ಹೊಸದು ತರುವುದೋ. ಅವ್ವ ಹಳೆಯದರ ಕಡೆ. ನಿಮ್ಮಜ್ಜಿ ಆರತಿ ಎತ್ತಿ ಒಳಗೆ ಕರೆದುಕೊಂಡದ್ದನ್ನು ಹೊರಗೆ ಹಾಕುವುದು ಹೇಗೆ ಅನ್ನುವುದು ಅವಳ ವಾದ. ಅಪ್ಪನಿಗೆ ಎರಡೂ ಕಡೆ ಹೆದರಿಕೆ. ರಿಪೇರಿಗೆ ಸುರಿದು ಅದೂ ಓಡದೆ, ಆಮೇಲೆ ಹೊಸದನ್ನೂ ತರಬೇಕಾದರೆ ಏನು ಗತಿ ಅಂತ. ಹೊಸದಕ್ಕೆ ಕುರಿ ಮಾರಬೇಕು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಾರಿನ ಚಟ್ಟಿಯ ಸುತ್ತ ಕೂತು ನಾವೆಲ್ಲ ತಾತನ ಮುಖ ಬಿಟ್ಟು ಬೇರೆ ಎಲ್ಲ ಕಡೆ ನೋಡುತ್ತಿದ್ದೆವು.

ತಾತ ಅದನ್ನು ತನಗೆ ಗೊತ್ತಿದ್ದ ರೀತಿಯಲ್ಲೇ ಯೋಚಿಸಿತು. ಪ್ರತಿವರ್ಷ ಮಳೆ ನಿಂತ ಮೇಲೆ ತಾತ ರೊಪ್ಪದಲ್ಲಿ ಕೂತು ಒಂದೊಂದೇ ಹೆಣ್ಣುಕುರಿಯ ಬಾಯಿ ಅಗಲಿಸಿ ಹಲ್ಲು ನೋಡುತ್ತಿತ್ತು. ಹಲ್ಲು ಸವೆದದ್ದಕ್ಕೆ ಎರಡೇ ದಾರಿ. ನುಣ್ಣಗೆ ಹೆಚ್ಚಿದ ಸೊಪ್ಪು, ರಾಗಿ ಗಂಜಿ ಕೊಟ್ಟು ಇನ್ನೊಂದು ಈತು ಮರಿ ಹಾಕಿಸುವುದು, ಇಲ್ಲ ಮೈಯಲ್ಲಿ ಕಸುವಿರುವಾಗಲೇ ಮಾರಿಬಿಡುವುದು. ಆ ವರ್ಷವೂ ಹಾಗೆ ನೋಡುತ್ತ ಕೂತಿದ್ದಾಗ ಅಕ್ಕನನ್ನು ಕರೆದು, ನಿನ್ನ ಡಬ್ಬಕ್ಕೆ ಹಲ್ಲು ಎಲ್ಲಿರುತ್ತದೆ ಅಂತ ಕೇಳಿತು. ನಾನು ನಕ್ಕೆ. ಅಕ್ಕ ನಗಲಿಲ್ಲ, ತಾತನೂ ನಗಲಿಲ್ಲ.

ಆಮೇಲೆ ಅಕ್ಕ ಕಾಲೇಜಿಗೆ ಹೋಗುವುದನ್ನೇ ನಿಲ್ಲಿಸಿದಳು. ಯಾರೊಂದಿಗೂ ಜಗಳವಾಡಲಿಲ್ಲ. ಬೆಳಗ್ಗೆ ಎದ್ದು ಬಸ್ಸಿಗೆ ಹೊರಡುವ ಬದಲು ಪೊರಕೆ ಹಿಡಿದು ರೊಪ್ಪದ ಕುರಿ ಹಿಕ್ಕೆ ಗುಡಿಸತೊಡಗಿದಳು. ಕೇಳಿದರೆ, ಹೋಗಿ ಮಾಡುವುದೇನಿದೆ ಅಂದಳು. ಎಲ್ಲಿ ಹೋದರೂ ಕೈ ಮಾಡಿ ಕಟ್ಟಡ ತೋರಿಸುತ್ತಿದ್ದ ಹುಡುಗಿ ತಲೆ ಬಗ್ಗಿಸಿ ಕಸ ಗುಡಿಸುವುದನ್ನು ತಾತ ಜಗಲಿಯಿಂದ ನೋಡುತ್ತಿತ್ತು. ಅವತ್ತು ಕುರಿ ಬಿಡುವ ಹೊತ್ತು ಮೀರಿತು. ಒಳಗಿನ ಕುರಿಗಳು ಅರಚತೊಡಗಿದವು. ತಾತ ಅಪ್ಪನನ್ನು ಕರೆಯಿತು.

"ಮಾರ್ಬುಡು ಕಣ್ಲಾ. ಎಲ್ಲಾನೂವೆ."

ಎಲ್ಲಾ ಯಾಕಪ್ಪ, ಒಸಿ ಮಾರಿದರೆ ಸಾಕು ಅಂತ ಅಪ್ಪ ತಡವರಿಸಿದ. ತಾತ ತಲೆ ಅಲ್ಲಾಡಿಸಿತು.

"ಒಸಿ ಮಾರುದ್ರೆ ಉಳ್ದವು ಮೇಯಾಕಿಲ್ಲ. ಹೋದವ್ನ ಹುಡುಕ್ಕೊಂಡು ಅರಚ್ತಾ ನಿಂತ್ಕತವೆ. ಅದ್ನ ನನ್ ಕೈಲಿ ಕೇಳಾಕಾಗಾಕಿಲ್ಲ."

ಅಕ್ಕ ಪೊರಕೆ ಬಿಸಾಕಿ ಓಡಿಬಂದು, ಬೇಡ ತಾತ, ನನಗೆ ಓದೇ ಬೇಡ ಅಂತ ಅಳತೊಡಗಿದಳು. ತಾತ ಅವಳ ತಲೆ ಮೇಲೆ ಕೈಯಿಟ್ಟು, ನೀನು ಬೇಡ ಅಂದರೂ ನಾನು ಇನ್ನೆಷ್ಟು ದಿನ ಇವುಗಳ ಹಿಂದೆ ತಿರುಗೇನು, ನೀನು ಮನೆ ಕಟ್ಟುವುದು ಕಲಿ, ನಾನು ನೋಡಬೇಕು ಅಂದಿತು. ಅಷ್ಟು ಹೇಳಿ ರೊಪ್ಪದ ಬಾಗಿಲು ತೆಗೆದು ದಿನದಂತೆ ಕುರಿ ಹೊಡೆದುಕೊಂಡು ಹೋಯಿತು.

ವ್ಯಾಪಾರಿ ಕನಕಪುರದ ಕಡೆಯವನು, ಟೆಂಪೊ ತಂದಿದ್ದ. ಆ ಬೆಳಗನ್ನು ಮರೆಯಲು ನನಗೆ ಆಗಿಲ್ಲ. ಅವನ ಜೊತೆ ಬಂದವರು ಹಲಗೆ ಇಟ್ಟು ಕುರಿಗಳನ್ನು ಹತ್ತಿಸಲು ನೋಡಿದರು. ಕುರಿಗಳು ಹಿಡಿತಕ್ಕೆ ಸಿಗದೆ ಬೇಲಿಗೆ ನುಗ್ಗಿದವು. ಒಂದರ ಕಾಲು ಹಿಡಿದು ಎಳೆದಾಡಿದರು, ಅದು ಕಿರುಚಿಕೊಂಡಿತು. ತಾತ ಅಲ್ಲಿಯವರೆಗೆ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಿತ್ತು. ಎದ್ದು ಬಂದು, ಕಾಲು ಬಿಡ್ರಪ್ಪ ಅಂದಿತು. ತಾನೇ ಹಲಗೆ ಹತ್ತಿ ಟೆಂಪೊದೊಳಗೆ ಹೋಗಿ ನಿಂತು, ದಿನಾ ಸಂಜೆ ಕೂಗುವಂತೆ ಕೂಗಿತು. ಕುರಿಗಳು ತಲೆ ಎತ್ತಿದವು. ಒಂದರ ಹಿಂದೆ ಒಂದು, ಮರಿಗಳು ತಾಯಿಯ ಬಗಲಲ್ಲಿ, ಹಲಗೆ ಏರಿ ತಾತನ ಸುತ್ತ ಬಂದು ನಿಂತವು. ತಾತ ಅವುಗಳ ನಡುವಿನಿಂದ ದಾರಿ ಮಾಡಿಕೊಂಡು ಇಳಿಯಿತು. ಹಲಗೆ ತೆಗೆದು ಬಾಗಿಲು ಹಾಕಿದರು. ಒಂದೆರಡು ಕುರಿ ಬಾಗಿಲ ಮೇಲಿಂದ ಮೂತಿ ಚಾಚಿ ತಾತನನ್ನೇ ನೋಡುತ್ತಿದ್ದವು. ಟೆಂಪೊ ಹೊರಟ ಮೇಲೆ ತಾತ ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈಕಾಲು ತೊಳೆಯಿತು.

ಅದೇ ವಾರ ಅಪ್ಪ, ಅಕ್ಕ, ನಾನು ಮಾಗಡಿಗೆ ಹೋದೆವು. ಹಳೆಯದನ್ನು ಕೊಟ್ಟರೆ ಹೊಸದರಲ್ಲಿ ಒಂದಿಷ್ಟು ಇಳಿಸುತ್ತೇವೆ ಅಂತ ಅಂಗಡಿಯವರು ಹೇಳಿದ್ದರಿಂದ ಡಬ್ಬವನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆವು. ಅಪ್ಪ ಅದನ್ನು ತಂದ ದಿನದಂತೆಯೇ ತೊಡೆಯ ಮೇಲೆ ತಬ್ಬಿಕೊಂಡು ಕೂತಿದ್ದ. ಅವ್ವ ಬೆಳಗ್ಗೆ ಅದರ ಕಂಬಳಿಗಳನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟು ಕಣ್ಣೊರೆಸಿಕೊಂಡಿದ್ದಳು.

ಅಂಗಡಿಯವರು ಎಕ್ಸ್‌ಚೇಂಜಿಗೆ ಬೆಲೆ ಕಟ್ಟಬೇಕಾದರೆ ಒಳಗೇನಿದೆ ನೋಡಬೇಕಲ್ಲ, ಪಕ್ಕದ ತಗಡಿನ ಸ್ಕ್ರೂ ಬಿಚ್ಚಿದರು. ಬಿಚ್ಚಿದವರೇ, ಇದರೊಳಗೆ ಏನು ಬೆಕ್ಕು ಸಾಕಿದ್ದಿರಾ ಸಾರ್ ಅಂತ ಕೇಳಿದರು.

ನಾವು ಬಗ್ಗಿ ನೋಡಿದೆವು. ಒಳಗಿನ ಫ್ಯಾನು ಕಾಣುತ್ತಿರಲಿಲ್ಲ. ಅದರ ಮೇಲೆ, ಅದರ ಕೆಳಗಿನ ಬಿಸಿಯಾಗುವ ಬಿಲ್ಲೆಯ ಸಂದಿಗಳಲ್ಲಿ, ಹಿಂಭಾಗದ ಗಾಳಿತೂತುಗಳಲ್ಲಿ, ಎಲ್ಲೆಲ್ಲೂ ಕಪ್ಪನೆಯ ಉಣ್ಣೆ. ವರ್ಷಗಳಿಂದ ಎಳೆಎಳೆಯಾಗಿ ಒಳಗೆ ಎಳೆದುಕೊಂಡು, ಸುತ್ತಿ ಸುತ್ತಿ ಅದುಮಿ, ಒಂದು ಚಿಕ್ಕ ಕಂಬಳಿಯೇ ಅಲ್ಲಿ ತಯಾರಾಗಿತ್ತು. ಅಂಗಡಿಯವರು ಅದನ್ನು ಚಿಮಟದಿಂದ ಹಿಡಿದು ಎಳೆದರು, ಉಂಡೆಯಾಗಿ ಬಂತು. ಗಾಳಿ ಹೊಡೆಯುವ ಯಂತ್ರ ಹಿಡಿದು ಊದಿದರು. ತಂತಿ ಸಿಕ್ಕಿಸಿ ಹಾಕಿ, ನಕ್ಷೆ ತೆಗೆಯಮ್ಮ ನೋಡೋಣ ಅಂದರು. ಅಕ್ಕ ತನ್ನ ಅಂಗನವಾಡಿಯನ್ನು ತೆರೆದಳು. ಗೋಡೆ ಕೂರಿಸಿದಳು, ಕಿಟಕಿ ಕೂರಿಸಿದಳು, ಚಾವಣಿ ಹಾಕಿದಳು. ಡಬ್ಬ ಆರಲಿಲ್ಲ. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಪಾಪ, ಗಾಳಿಯಿಲ್ಲದೆ ಕಾದು ತಾನೇ ಆರಿಕೊಳ್ಳುತ್ತಿತ್ತು ಅಷ್ಟೇ, ಹೊಸದೇನೂ ಬೇಡ, ಒಂದು ರ‍್ಯಾಮು ಹಾಕಿಸಿಕೊಂಡರೆ ಇನ್ನೂ ಚೆನ್ನಾಗಿ ಓಡುತ್ತದೆ ಅಂದರು ಅಂಗಡಿಯವರು. ಈ ಬೋರ್ಡಿಗೆ ಹೊಂದುವ ರ‍್ಯಾಮು ಅವರ ಡ್ರಾಯರಿನಲ್ಲೇ ಇತ್ತು.

ಒಳ್ಳೆಯ ಸುದ್ದಿ ಕೇಳಿ ಅಷ್ಟು ಕುಸಿದುಹೋದವರನ್ನು ಆ ಅಂಗಡಿಯವರು ಅದಕ್ಕೆ ಮೊದಲು ನೋಡಿರಲಾರರು. ಅಪ್ಪ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ಅಕ್ಕ ಆ ಉಣ್ಣೆಯ ಉಂಡೆಯನ್ನು ಕಸದ ಬುಟ್ಟಿಗೆ ಹಾಕಗೊಡದೆ ಕರ್ಚೀಫಿನಲ್ಲಿ ಕಟ್ಟಿಕೊಂಡಳು. ವಾಪಸು ಬರುವ ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಹೇಳಿದ್ದು, ತಾತನಿಗೆ ಇದನ್ನು ಹೇಳಬೇಡಿ, ರ‍್ಯಾಮು ಹಾಕಿಸಿದ್ದಕ್ಕೆ ಸರಿಹೋಯಿತು ಅಂದುಬಿಡೋಣ ಅಂತ. ನಾನು ಹೂಂ ಅಂದೆ. ಅಕ್ಕ ಕರ್ಚೀಫಿನ ಗಂಟನ್ನು ಬಿಗಿ ಮಾಡಿಕೊಂಡಳು.

ಮನೆಯ ಹೊಸಿಲು ದಾಟುತ್ತಿದ್ದಂತೆ ಅಕ್ಕ ನೇರ ತಾತನ ಹತ್ತಿರ ಹೋಗಿ ಕರ್ಚೀಫು ಬಿಚ್ಚಿ ಆ ಉಂಡೆಯನ್ನು ಅದರ ಅಂಗೈ ಮೇಲಿಟ್ಟಳು. ಅಡಗಿಸಿ ಬದುಕುವ ಜಾಯಮಾನ ಅವಳದಲ್ಲ, ಆಗಲೂ ಅಲ್ಲ, ಈಗಲೂ ಅಲ್ಲ. ನಡೆದದ್ದನ್ನೆಲ್ಲ ಹೇಳಿದಳು. ತಾತ ಉಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿತು, ಎಳೆಯೊಂದನ್ನು ಬಿಡಿಸಿ ಬೆಳಕಿಗೆ ಹಿಡಿಯಿತು. ಅಜ್ಜಿ ನೂತದ್ದು ಅಂತ ಯಾರೂ ಹೇಳಬೇಕಾಗಿರಲಿಲ್ಲ. ಅವ್ವ ಬಾಗಿಲ ಹಿಂದಿನಿಂದ, ಅತ್ತೆ ಹೊದಿಸಿದ್ದೇ ಇಷ್ಟಕ್ಕೆಲ್ಲ ಆಯಿತಲ್ಲ ಅಂತ ಗೊಣಗಿದಳು. ತಾತ ತಲೆ ಎತ್ತಿತು.

"ಅವ್ಳುನ್ನ ಏನೂ ಅನ್ಬ್ಯಾಡ ಕಣವ್ವ. ಚಳಿ ಆಯ್ತದೆ ಅಂತ ಹೊದ್ಸಿದ್ಲು."

ಆಮೇಲೆ ಅಕ್ಕನ ಕಡೆ ತಿರುಗಿ, ಈಗ ಉಸಿರಾಡುತ್ತದಾ ಅಂತ ಕೇಳಿತು. ಆಡುತ್ತದೆ ತಾತ ಅಂದಳು ಅಕ್ಕ. ಸರಿ ಹಾಗಾದರೆ, ನಾಳೆಯಿಂದ ಕಾಲೇಜಿಗೆ ಹೋಗು ಅಂದಿತು.

ಅಪ್ಪ ಮರುದಿನ ಬೆಳಕು ಹರಿಯುವ ಮೊದಲೇ ಬೈಕು ಹತ್ತಿ ಕನಕಪುರಕ್ಕೆ ಹೋದ. ವ್ಯಾಪಾರಿ ಅಷ್ಟರಲ್ಲಿ ಕುರಿಗಳನ್ನು ಸಂತೆಯಲ್ಲಿ ಬೇರೆಬೇರೆಯವರಿಗೆ ದಾಟಿಸಿ ಕೈತೊಳೆದುಕೊಂಡಿದ್ದ. ಯಾರ್‍ಯಾರಿಗೆ ಅಂತ ಅವನಿಗೂ ನೆನಪಿರಲಿಲ್ಲ. ಅಪ್ಪ ಬರಿಗೈಯಲ್ಲಿ ಬರಲಾರದೆ, ಉಳಿದಿದ್ದ ಹಣಕ್ಕೆ ಅಲ್ಲೇ ಕೆಲವು ಒಳ್ಳೆಯ ಕುರಿ ಆರಿಸಿ ಗೂಡ್ಸ್ ಆಟೋದಲ್ಲಿ ತಂದ. ನೋಡಲು ನಮ್ಮವಕ್ಕಿಂತ ಚೆನ್ನಾಗಿದ್ದವು, ಮೈತುಂಬ ಉಣ್ಣೆ, ಬಿಳಿ ಹಲ್ಲು. ರೊಪ್ಪದೊಳಗೆ ಬಿಟ್ಟಾಗ ನಾನು ಖುಷಿಯಿಂದ ಕುಣಿದೆ. ತಾತ ಬೇಲಿಯ ಹೊರಗೆ ನಿಂತು ನಾಲಗೆ ಒತ್ತಿ ಸದ್ದು ಮಾಡಿ, ಉದ್ದನೆಯ ಕೂಗು ಕೂಗಿತು.

ಒಂದೂ ತಿರುಗಿ ನೋಡಲಿಲ್ಲ. ಹೊಸ ಜಾಗದ ಬೇಲಿ ಮೂಸುತ್ತ, ಒಂದರ ಮರೆಯಲ್ಲಿ ಇನ್ನೊಂದು ನಿಂತಿದ್ದವು. ತಾತ ಮತ್ತೊಮ್ಮೆ ಕೂಗಲಿಲ್ಲ.

"ಇವಕ್ಕೆ ನನ್ ಕೂಗು ಗೊತ್ತಾಗೋ ಹೊತ್ಗೆ ನಾನಿರಾಕಿಲ್ಲ ಕಣ್ಲಾ. ಒಳ್ಳೇ ಕುರಿ, ಯಾರಾದ್ರೂ ವಯಸ್ನವ್ರು ಕಟ್ಕಳ್ಲಿ. ಬುಟ್ ಬಾ."

ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು. ಕುರಿಗಳನ್ನು ಪಕ್ಕದೂರಿನ ಒಬ್ಬ ಹುಡುಗ ಕೊಂಡುಕೊಂಡ. ಆಮೇಲೆ ನಮ್ಮ ರೊಪ್ಪದಲ್ಲಿ ಯಾವ ಕುರಿಯೂ ಕೂಗಲಿಲ್ಲ.

ಅಕ್ಕನ ನಕ್ಷೆ ಮುಗಿಯಿತು, ಡಿಪ್ಲೊಮಾ ಮುಗಿಯಿತು. ಅವರೆಕಾಯಿಯ ಸೊಗಡು ಮನೆ ತುಂಬಿದ್ದ ಒಂದು ದಿನ ಅವಳು ಆ ಅಂಗನವಾಡಿಯ ಹಾಳೆ ತಂದು ತಾತನ ಮುಂದೆ ಬಿಡಿಸಿ, ಇದು ಮಕ್ಕಳು ಮಲಗುವ ಕೋಣೆ, ಇದು ಅಡುಗೆಮನೆ ಅಂತ ಬೆರಳಿಟ್ಟು ತೋರಿಸಿದಳು. ತಾತ ಎಲ್ಲ ಕೇಳಿ, ಗಾಳಿ ಎಲ್ಲಿಂದ ಬರುತ್ತದೆ ಅಂತ ಮಾತ್ರ ಕೇಳಿತು. ಅಕ್ಕ ಕಿಟಕಿಗಳನ್ನು ತೋರಿಸಿದಳು.

ಕುರಿ ಹೋದ ಮೇಲೆ ತಾತನ ಕೈಗೆ ಕೆಲಸವಿರಲಿಲ್ಲ. ಅದು ಆ ಕಂಪ್ಯೂಟರನ್ನು ಹಿಡಿದುಕೊಂಡಿತು. ನಾವು ಕೆಲಸ ಮಾಡುವಾಗ ಪಕ್ಕದಲ್ಲಿ ಬಂದು ಕೂತು ಡಬ್ಬದ ಮೈಗೆ ಅಂಗೈ ಒತ್ತಿ ಬಿಸಿ ನೋಡುತ್ತಿತ್ತು, ಜ್ವರ ಬಂದ ಮರಿಯ ಕಿವಿ ಹಿಡಿದು ನೋಡುತ್ತಿದ್ದಂತೆ. ಹೆಚ್ಚಾಯಿತು ಅನ್ನಿಸಿದರೆ, ಒಸಿ ಬಿಡಿ, ಸುಧಾರಿಸಿಕೊಳ್ಳಲಿ ಅನ್ನುತ್ತಿತ್ತು. ಸೋಮವಾರ ಮನೆದೇವರು ಬೀರಪ್ಪನ ಪೂಜೆ ಆದ ಮೇಲೆ ಅಕ್ಕನ ಕೈಲಿ ತಗಡು ಬಿಚ್ಚಿಸಿ, ಒಂದು ಬಣ್ಣದ ಬ್ರಷ್ಷು ಹಿಡಿದು, ಫ್ಯಾನಿನ ರೆಕ್ಕೆ ರೆಕ್ಕೆಯ ಧೂಳನ್ನು ಒರೆಸುತ್ತಿತ್ತು.

ನಾನು ಡಿಗ್ರಿಗೆ ಬಂದಾಗ ಅದು ನಿಜವಾಗಿಯೂ ಮುದಿಯಾಗಿತ್ತು. ಒಂದು ಪುಟ ತೆರೆಯಲು ಕೊಟ್ಟರೆ ಅಷ್ಟರಲ್ಲಿ ಮುದ್ದೆ ತೊಳಸಿ ಬರಬಹುದಿತ್ತು. ಹೊಸದು ತರೋಣ ಅಂತ ನಾನು ಅಪ್ಪನ ಹತ್ತಿರ ಜಗಳಕ್ಕೆ ನಿಂತೆ. ಅಕ್ಕನೂ ಆಗ ರಾಮನಗರದಲ್ಲಿ ಒಬ್ಬ ಕಂಟ್ರಾಕ್ಟರ ಬಳಿ ಕೆಲಸಕ್ಕಿದ್ದಳು, ನಾನೇ ಕೊಡಿಸುತ್ತೇನೆ ಅಂದಳು. ಎಲ್ಲರೂ ಒಪ್ಪಿದೆವು, ತಾತನನ್ನು ಬಿಟ್ಟು. ನಾನು ಸ್ವಲ್ಪ ಗಟ್ಟಿಯಾಗಿಯೇ, ಬರೀ ಹಳೇ ಡಬ್ಬಕ್ಕೆ ಯಾಕೆ ಇಷ್ಟು ಅಂಟಿಕೊಂಡಿದ್ದೀಯ ಅಂದೆ.

"ಡಬ್ಬ ಅಲ್ಲ ಕಣವ್ವ ಅದು. ನನ್ ಮಂದೆ ಎಲ್ಲಾ ಅದ್ರೊಳ್ಗೇ ಅವೆ."

ಆ ಮಾತಿನ ಮೇಲೆ ಮತ್ತೆ ಯಾರೂ ಹೊಸದರ ಸುದ್ದಿ ಎತ್ತಲಿಲ್ಲ. ಹಾರ್ಡ್‌ಡಿಸ್ಕು ಬದಲಾಯಿತು, ಫ್ಯಾನು ಬದಲಾಯಿತು, ಮಾನಿಟರು ಹೋಗಿ ಇನ್ನೊಂದು ಬಂತು. ಮಾಗಡಿಯ ಅಂಗಡಿಯವರು ನಮ್ಮನ್ನು ಕಂಡರೆ ನಗುತ್ತಿದ್ದರು. ನಾವು ಅದನ್ನು ಎಳೆದಾಡಿಕೊಂಡೇ ಬಂದೆವು. ತಾತ ಇರುವವರೆಗೆ ಅದೂ ಓಡಿತು.

ತಾತನ ತಿಥಿ ಕಳೆದ ಮೇಲೆ ಯಾವಾಗಲೋ ಅದು ಮನೆಯಿಂದ ಹೋಯಿತು. ಹಳೆ ಸಾಮಾನಿನವನಿಗೆ ಕೊಟ್ಟೆವೋ, ಯಾರಾದರೂ ಕೇಳಿಕೊಂಡು ಹೋದರೋ, ನಮ್ಮಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ. ರೊಪ್ಪವಿದ್ದ ಜಾಗದಲ್ಲಿ ಈಗ ಅಕ್ಕನೇ ನಕ್ಷೆ ಬರೆದು ಕಟ್ಟಿಸಿದ ಮನೆ ಇದೆ, ದೊಡ್ಡ ದೊಡ್ಡ ಕಿಟಕಿಗಳು. ನಾನು ಮಾಗಡಿಯಲ್ಲಿ ಶಾಲೆಯ ಟೀಚರು. ಹೋದ ತಿಂಗಳು ನನ್ನ ಲ್ಯಾಪ್‌ಟಾಪು ನಿಧಾನವಾಗತೊಡಗಿತು. ರಿಪೇರಿ ಮಾಡಿಸುವುದೋ, ಹೊಸದು ತರುವುದೋ ಅಂತ ಮನೆಯಲ್ಲಿ ಕಾಫಿ ಕುಡಿಯುತ್ತ ಕೇಳಿದೆ. ಹೊಸದೇ ತಗೊಂಡುಬಿಡು ಅಂದ ಅಪ್ಪ, ಅವ್ವನೂ ಹೂಂ ಅಂದಳು. ಅಕ್ಕ ಫೋನಿನಲ್ಲೇ ಆರ್ಡರ್ ಮಾಡಿದಳು. ಕಾಫಿ ಆರುವ ಮೊದಲೇ ಎಲ್ಲ ಮುಗಿದಿತ್ತು. ಆಮೇಲೆ ನಾಲ್ವರೂ ಲೋಟ ಹಿಡಿದು ಕೂತೇ ಇದ್ದೆವು, ಯಾರೋ ಬೇಡ ಅನ್ನಲಿ ಅಂತ ಕಾಯುವವರ ಹಾಗೆ. ಬೇಡ ಅನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ.